ರಾಜಕೀಯ ಕೊಲೆಯ ಸಂಚಿನ ಕಾದಂಬರಿಗಳು: ಸಂಚಿನಲ್ಲಿ ಯಾರಿಗೆ ಎಷ್ಟು ಗೊತ್ತಿರಬೇಕು?

ಕೋಟೆಬೆಟ್ಟ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಈ ಸಲ ರಾಜಕೀಯ ಕೊಲೆ, ಅದರ ಹಿಂದಿನ ಸಂಚು, ಅದರ ಮೇಲೆ ಬರೆದ ಥ್ರಿಲ್ಲರ್ ಕಾದಂಬರಿಗಳ ಬಗ್ಗೆ ಮಾತಾಡೋಣ ಅಂತ. ನಮ್ಮ ಕಡೆ ಇವನ್ನು ಓದುವವರು ಬಹಳ ಜನ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕನ್ನಡ ಪತ್ತೇದಾರಿ, ತೆಲುಗು ಪಾಕೆಟ್ ಕಾದಂಬರಿ ಎರಡನ್ನೂ ಕೊಂಡು ಓದಿದ ಊರು ಇದು. ಆದರೆ ಕೂತು ಚರ್ಚೆ ಮಾಡುವಾಗ ಮಾತ್ರ ಇವನ್ನು ಟೈಂಪಾಸ್ ಅಂತ ಪಕ್ಕಕ್ಕಿಡುತ್ತೇವೆ. ನನಗೆ ಅದು ಸರಿ ಕಾಣುವುದಿಲ್ಲ. ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಇವುಗಳಷ್ಟು ಹತ್ತಿರದಿಂದ ತೋರಿಸುವ ಬರವಣಿಗೆ ಕಡಿಮೆ.

ನನ್ನ ಪ್ರಶ್ನೆ ಒಂದೇ. ಕೊನೆ ಏನು ಅಂತ ಮೊದಲೇ ಗೊತ್ತಿದ್ದರೂ ಪುಟ ಯಾಕೆ ತಿರುವುತ್ತೇವೆ?

ಫ್ರೆಡರಿಕ್ ಫೋರ್ಸೈತ್ ಅವರ ‘ದಿ ಡೇ ಆಫ್ ದಿ ಜಾಕಲ್’ ನೋಡಿ. ಬಂದದ್ದು 1971ರಲ್ಲಿ. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರನ್ನು ಕೊಲ್ಲಲು ಒಬ್ಬ ಬಾಡಿಗೆ ಕೊಲೆಗಾರ ಹೊರಡುವ ಕಥೆ. ದ ಗಾಲ್ ಅವರು ತೀರಿಕೊಂಡದ್ದು 1970ರ ನವೆಂಬರ್‌ನಲ್ಲಿ, ತಮ್ಮ ಮನೆಯಲ್ಲಿ, ಸಹಜ ಸಾವು. ಅಂದರೆ ಕೊಲೆಗಾರ ಗೆಲ್ಲುವುದಿಲ್ಲ ಅಂತ ಮೊದಲ ಪುಟ ತೆರೆಯುವ ಮುಂಚೆಯೇ ಓದುಗನಿಗೆ ಗೊತ್ತು. ಇದೇ ಕಾರಣಕ್ಕೆ ಕೆಲವು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದ್ದರು. ಆಮೇಲೆ ಅದು ಲೋಕದ ತುಂಬ ಓಡಿತು.

‘ಹೇಗೆ’ ಅನ್ನುವ ಕುತೂಹಲಕ್ಕೆ ಓದುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ ಅಷ್ಟೇ. ನನಗೆ ಅನಿಸೋದು ಹೀಗೆ: ಆ ಕಾದಂಬರಿಯಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲ. ದುಡ್ಡು ಕೊಟ್ಟ ಮೂವರು ರೋಮ್‌ನ ಹೋಟೆಲಿನಲ್ಲಿ ಅಡಗಿ ಕೂತಿದ್ದಾರೆ, ಅವರಿಗೆ ಕೊಲೆಗಾರನ ನಿಜ ಹೆಸರು ಗೊತ್ತಿಲ್ಲ. ಯಾವ ದಿನ, ಯಾವ ಜಾಗ ಅಂತಲೂ ಗೊತ್ತಿಲ್ಲ. ಬಂದೂಕು ಮಾಡಿಕೊಟ್ಟವನಿಗೆ ಗುಂಡು ಯಾರಿಗೆ ಅಂತ ಗೊತ್ತಿಲ್ಲ. ಹಿಡಿಯಲು ಹೊರಟ ಪೊಲೀಸ್ ಅಧಿಕಾರಿಯ ಕೈಯಲ್ಲಿ ಇರೋದು ಒಂದು ಗುಪ್ತ ಹೆಸರು ಮಾತ್ರ. ಎಲ್ಲರೂ ತಮ್ಮ ತಮ್ಮ ತುಂಡು ಹಿಡಿದು ಓಡುತ್ತಿದ್ದಾರೆ. ಪೂರ್ತಿ ಚಿತ್ರ ಇರೋದು ಓದುಗನಿಗೆ ಮಾತ್ರ. ಆ ಭಾರ ನಮ್ಮ ಮೇಲೆ ಬಿದ್ದಿದ್ದಕ್ಕೇ ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಕೆಟ್ಟ ಸಂಚಿನ ಕಾದಂಬರಿಯಲ್ಲಿ ಒಬ್ಬನಿರುತ್ತಾನೆ. ಏಸಿ ರೂಮಿನಲ್ಲಿ ಕೂತಿರುತ್ತಾನೆ. ಅವನಿಗೆ ಎಲ್ಲವೂ ಗೊತ್ತು, ಅವನು ಅಂದುಕೊಂಡದ್ದೆಲ್ಲ ಆಗುತ್ತದೆ. ಅಂಥವನ್ನು ನಾನು ಅರ್ಧಕ್ಕೇ ಬಿಡುತ್ತೇನೆ.

ನೀವು ಏನಂತೀರಿ? ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲದ ಮೇಲೆ ಇಂಥದೊಂದು ಬರೆದರೆ ಹೇಗಿರುತ್ತದೆ ಅಂತಲೂ ಹೇಳಿ.

ಮಸ್ಕಿ ಮೇಷ್ಟ್ರು, ರಾಯಚೂರು ಜಿಲ್ಲೆ

ಒಳ್ಳೆ ವಿಷಯ ತೆಗೆದಿರಿ. ಆದರೆ ಪ್ಯಾರಿಸ್ಸಿನಿಂದ ಯಾಕೆ ಶುರು ಮಾಡಿದಿರಿ? ನಮ್ಮಲ್ಲಿ ಇದು ಹಳೇ ಸರಕು.

ವಿಶಾಖದತ್ತನ ‘ಮುದ್ರಾರಾಕ್ಷಸ’ ಪೂರ್ತಿ ರಾಜಕೀಯ ಕೊಲೆಯ ಸಂಚಿನ ನಾಟಕ. ನಂದರ ಮಂತ್ರಿ ರಾಕ್ಷಸ, ಚಂದ್ರಗುಪ್ತನನ್ನು ಮುಗಿಸಲು ಒಂದರ ಮೇಲೊಂದು ಸಂಚು ಹೂಡುತ್ತಾನೆ. ಒಂದೂ ಫಲಿಸುವುದಿಲ್ಲ. ಅದೇ ಕಥೆಯನ್ನು ಕೆಂಪುನಾರಾಯಣ ಕವಿ 1823ರಲ್ಲಿ ‘ಮುದ್ರಾಮಂಜೂಷ’ ಅಂತ ಕನ್ನಡ ಗದ್ಯದಲ್ಲಿ ಬರೆದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಕನ್ನಡದಲ್ಲಿ ಕಾದಂಬರಿ ಅನ್ನುವ ಪ್ರಕಾರ ಬರುವುದಕ್ಕೆ ಬಹಳ ಮುಂಚೆ, ಕಾದಂಬರಿಗೆ ಹತ್ತಿರವಾದ ಗದ್ಯ ಅದು. ಅಂದರೆ ಹೊಸಗನ್ನಡ ಗದ್ಯದ ಬಾಗಿಲಲ್ಲೇ ಕೊಲೆ ಸಂಚು ನಿಂತಿದೆ.

ನಾಟಕದ ಎರಡನೇ ಅಂಕದಲ್ಲಿ ಗುಪ್ತಚರನೊಬ್ಬ ಹಾವಾಡಿಗನ ವೇಷದಲ್ಲಿ ಬಂದು, ಎಲ್ಲ ಸಂಚುಗಳು ಹೇಗೆ ಕೆಟ್ಟವು ಅಂತ ರಾಕ್ಷಸನಿಗೆ ವರದಿ ಒಪ್ಪಿಸುತ್ತಾನೆ. ಅದರಲ್ಲಿ ಎರಡನ್ನು ಹೇಳಲೇಬೇಕು.

ಒಂದು: ಚಂದ್ರಗುಪ್ತನ ಮಲಗುವ ಮನೆಗೆ ಸುರಂಗ ತೋಡಿ ಕೊಲೆಗಾರರು ಒಳಗೆ ಅಡಗಿದ್ದಾರೆ. ರಾಜ ಒಳಗೆ ಹೋಗುವ ಮೊದಲು ಚಾಣಕ್ಯ ಕೋಣೆ ನೋಡಲು ಬರುತ್ತಾನೆ. ಗೋಡೆಯ ಬಿರುಕಿನಿಂದ ಇರುವೆ ಸಾಲು ಹೊರಬರುತ್ತಿದೆ, ಬಾಯಲ್ಲಿ ಅನ್ನದ ಅಗುಳು. ಅನ್ನ ಇದ್ದಲ್ಲಿ ಉಣ್ಣುವವರು ಇರಬೇಕು. ಕೂಡಲೇ ಮನೆಗೆ ಬೆಂಕಿ ಇಡಿಸುತ್ತಾನೆ.

ಎರಡು: ಶಯನಗೃಹದ ಸೇವಕ ಪ್ರಮೋದಕ. ಅವನಿಗೆ ರಾಕ್ಷಸ ಕೈತುಂಬ ದುಡ್ಡು ಕೊಟ್ಟಿದ್ದ. ಆತ ಅದನ್ನು ಧಾರಾಳವಾಗಿ ಖರ್ಚು ಮಾಡಲು ಶುರು ಮಾಡಿದ. ಇಷ್ಟು ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರೆ ಒಂದೊಂದು ಸಲ ಒಂದೊಂದು ಮಾತು. ಅಲ್ಲಿಗೆ ಅವನ ಕಥೆ ಮುಗಿಯಿತು.

ಇವತ್ತಿನ ತನಿಖೆಯಲ್ಲೂ ಬ್ಯಾಂಕ್ ಖಾತೆಯನ್ನೇ ಮೊದಲು ನೋಡುತ್ತಾರೆ, ಅಲ್ವಾ? ಬಂಧುಗಳೇ, ರಾಕ್ಷಸನಿಗೆ ಬುದ್ಧಿ ಕಡಿಮೆ ಇರಲಿಲ್ಲ. ಇರುವೆ ಮತ್ತು ಸೇವಕನ ಕೈಖರ್ಚು ಅವನ ಲೆಕ್ಕದಲ್ಲಿ ಇರಲಿಲ್ಲ. ಕೋಟೆಬೆಟ್ಟದವರು ಹೇಳಿದ ಮಾತು ಇಲ್ಲಿ ಸರಿಯಾಗಿ ಕೂರುತ್ತದೆ.

ಸಿರುಗುಪ್ಪ ಹುಡುಗ

ನಾನು ಒಂದು ಕಾದಂಬರಿ ಬರೆಯುತ್ತಿದ್ದೇನೆ, ಇದೇ ವಿಷಯ! ಬಳ್ಳಾರಿಯಲ್ಲಿ ಚುನಾವಣೆ ಸಭೆ. ರಾಜ್ಯದ ದೊಡ್ಡ ನಾಯಕ ಬರುತ್ತಾನೆ. ವೇದಿಕೆ ಮೇಲೆ ಕೊಲೆ. ಹಿಂದೆ ಇರೋದು ಒಬ್ಬ ಗಣಿ ಧಣಿ. ಆತ ಬೆಂಗಳೂರಿನಿಂದ ದೆಹಲಿವರೆಗೆ ಎಲ್ಲರನ್ನೂ ಕೊಂಡುಕೊಂಡಿದ್ದಾನೆ. ಪತ್ರಕರ್ತೆಯೊಬ್ಬಳು ಬೆನ್ನು ಹತ್ತುತ್ತಾಳೆ. ಕೊನೇ ಅಧ್ಯಾಯದಲ್ಲಿ ಧಣಿ ಅವಳಿಗೆ ಎಲ್ಲವನ್ನೂ ವಿವರಿಸುತ್ತಾನೆ.

ನಾಯಕ, ಧಣಿ, ಪಕ್ಷ ಎಲ್ಲ ಕಾಲ್ಪನಿಕ. ಸಂಡೂರಿನ ಕೆಂಪು ಧೂಳು, ತೋರಣಗಲ್ಲಿನ ಲಾರಿ ಸಾಲು, ಬಿಸಿಲು ಇವು ಮಾತ್ರ ನಿಜ. ಹಿರಿಯರು ಏನು ಹೇಳುತ್ತೀರಿ?

ನಿವೃತ್ತ ಹೆಡ್ ಕಾನ್ಸ್‌ಟೇಬಲ್, ಸಂಡೂರು

ತಮ್ಮಾ, ಬರೆಯುವುದು ಬಿಡಬೇಡ. ಆದರೆ ಬಂದೋಬಸ್ತ್ ಹೇಗಿರುತ್ತದೆ ಅಂತ ಮೊದಲು ತಿಳಿದುಕೋ. ಸಿನಿಮಾ ನೋಡಿ ಬರೆಯುವವರು ಇಲ್ಲೇ ಎಡವುತ್ತಾರೆ.

ದೊಡ್ಡವರು ಬರುತ್ತಾರೆ ಅಂದರೆ ಮುಂಚಿತವಾಗಿಯೇ ಜಾಗ ನೋಡಲು ಅಧಿಕಾರಿಗಳು ಬರುತ್ತಾರೆ. ಹೆಲಿಪ್ಯಾಡ್ ಎಲ್ಲಿ, ಗಾಡಿ ಯಾವ ರಸ್ತೆಯಲ್ಲಿ ಬರುತ್ತದೆ, ಆ ರಸ್ತೆ ಬಂದ್ ಆದರೆ ಬೇರೆ ದಾರಿ ಯಾವುದು, ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿ ಅವರ ಗುಂಪಿನ ರಕ್ತ ಇದೆಯೋ ಇಲ್ಲವೋ, ಎಲ್ಲ ಬರೆದುಕೊಳ್ಳುತ್ತಾರೆ. ವೇದಿಕೆಗೆ ಪಿಡಬ್ಲ್ಯುಡಿ ಇಂಜಿನಿಯರ್ ಸಹಿ ಬೇಕು. ಬಾಂಬ್ ಪತ್ತೆ ದಳ, ಶ್ವಾನದಳ ಬಂದು ಹೋಗುತ್ತದೆ. ವೇದಿಕೆ ಮುಂದೆ ಬ್ಯಾರಿಕೇಡ್ ಹಾಕಿ ಖಾಲಿ ಬಿಡುವ ಜಾಗಕ್ಕೆ ಡಿ ಏರಿಯಾ ಅಂತಾರೆ. ಸುತ್ತಲಿನ ಮಾಳಿಗೆ ಮೇಲೆ ನಮ್ಮವರು ನಿಲ್ಲುತ್ತಾರೆ. ಮಫ್ತಿಯಲ್ಲಿ ಇರುವವರು ಜನರ ನಡುವೆ ಕೂತಿರುತ್ತಾರೆ.

1999ರಲ್ಲಿ ಬಳ್ಳಾರಿ ಲೋಕಸಭೆಗೆ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ನಿಂತಾಗ ಇಡೀ ದೇಶದ ಕಣ್ಣು ನಮ್ಮ ಊರಿನ ಮೇಲೆ. ಆ ಚುನಾವಣೆಯ ಬಂದೋಬಸ್ತ್ ನಮ್ಮ ಕಾಲದವರು ಯಾರೂ ಮರೆಯುವುದಿಲ್ಲ. ಯಾಕೆ ಅಷ್ಟು ಬಿಗಿ ಅಂದರೆ ಹಿಂದೆ ಆದದ್ದು ನೆನಪಿದೆ. 1984ರ ಅಕ್ಟೋಬರ್ 31ಕ್ಕೆ ಇಂದಿರಾ ಗಾಂಧಿಯವರನ್ನು ಅವರ ಕಾವಲಿಗೆ ಇದ್ದವರೇ ಕೊಂದರು. ಮರುವರ್ಷ ಪ್ರಧಾನಿ ಕಾವಲಿಗೆ ಎಸ್‌ಪಿಜಿ ಅನ್ನುವ ವಿಶೇಷ ದಳ ಹುಟ್ಟಿತು. 1991ರ ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರು ಬಾಂಬ್ ಸ್ಫೋಟದಲ್ಲಿ ತೀರಿಕೊಂಡರು. ಆಗ ಅವರು ಪ್ರಧಾನಿ ಅಲ್ಲದ ಕಾರಣ ಎಸ್‌ಪಿಜಿ ಕಾವಲು ಇರಲಿಲ್ಲ. ಆಮೇಲೆ ಕಾನೂನು ತಿದ್ದಿ ಮಾಜಿ ಪ್ರಧಾನಿಗಳಿಗೂ ಕೊಟ್ಟರು.

ಆ ಕೇಸಿನಲ್ಲಿ ಒಂದು ಸಂಗತಿ ಇದೆ. ಅದನ್ನು ಯಾವ ಕಾದಂಬರಿಕಾರ ಬರೆದಿದ್ದರೂ ‘ನಂಬೋಕಾಗಲ್ಲ’ ಅನ್ನುತ್ತಿದ್ದಿರಿ. ಸಂಚುಗಾರರೇ ತಮ್ಮ ಜೊತೆ ಒಬ್ಬ ಫೋಟೋಗ್ರಾಫರ್‌ನನ್ನು ಕರೆತಂದಿದ್ದರು. ಸ್ಫೋಟದಲ್ಲಿ ಅವನೂ ಸತ್ತ. ಕ್ಯಾಮೆರಾ ಉಳಿಯಿತು. ಅದರೊಳಗಿನ ರೀಲಿನಲ್ಲಿ ಕೊಲೆಗಾರ್ತಿ ಹಾರ ಹಿಡಿದು ನಿಂತ ಚಿತ್ರ ಇತ್ತು. ಇಡೀ ತನಿಖೆ ಆ ರೀಲಿನಿಂದ ಹೊರಟು, ಆಗಸ್ಟ್‌ನಲ್ಲಿ ಸಂಚುಗಾರರು ಅಡಗಿದ್ದ ಬೆಂಗಳೂರಿನ ಕೋಣನಕುಂಟೆಯ ಮನೆಯವರೆಗೆ ಬಂತು.

ನಿನ್ನ ಧಣಿ ಕೊನೇ ಅಧ್ಯಾಯದಲ್ಲಿ ಬಾಯಿ ಬಿಟ್ಟು ಎಲ್ಲ ಹೇಳುತ್ತಾನೆ ಅಂದೆಯಲ್ಲ, ನನ್ನ ಸರ್ವಿಸ್‌ನಲ್ಲಿ ಅಂಥ ಧಣಿಯನ್ನು ನಾನು ನೋಡಿಲ್ಲ.

ಗ್ರಂಥಪಾಲಕಿ, ಗಂಗಾವತಿ

ಕಾನ್ಸ್‌ಟೇಬಲ್ ಅಣ್ಣ ಹೇಳಿದ ಕ್ಯಾಮೆರಾ ವಿಷಯ ಓದಿ ಗ್ರೀಸ್ ದೇಶದ ‘ಝಡ್’ ಕಾದಂಬರಿ ನೆನಪಾಯಿತು. ಬರೆದವರು ವಾಸಿಲಿಸ್ ವಾಸಿಲಿಕೋಸ್, 1960ರ ದಶಕ. ಅದರ ಹಿಂದೆ ನಡೆದ ಘಟನೆ ಇದೆ. 1963ರ ಮೇ 22ರಂದು ಥೆಸಲೋನಿಕಿ ಪಟ್ಟಣದಲ್ಲಿ ಸಂಸದ ಗ್ರಿಗೋರಿಸ್ ಲಾಂಬ್ರಾಕಿಸ್ ಶಾಂತಿ ಸಭೆ ಮುಗಿಸಿ ಹೊರಬಂದರು. ಬೀದಿಯಲ್ಲಿ ಪೊಲೀಸರು ತುಂಬಿದ್ದರು. ನಮ್ಮ ಗೂಡ್ಸ್ ಆಟೋದಂಥ ಮೂರು ಗಾಲಿ ಗಾಡಿಯೊಂದು ನುಗ್ಗಿ ಬಂತು. ಅದರ ಮೇಲಿದ್ದವನು ತಲೆಗೆ ಹೊಡೆದ. ಐದು ದಿನಕ್ಕೆ ಅವರು ತೀರಿಕೊಂಡರು. ಮೊದಲು ಹೇಳಿದ್ದು ಅಪಘಾತ ಅಂತ.

ಅದು ಅಪಘಾತವಾಗಿಯೇ ಮುಚ್ಚಿ ಹೋಗಬೇಕಿತ್ತು. ಅಲ್ಲೇ ಇದ್ದ ಒಬ್ಬ ಸಾಧಾರಣ ಮನುಷ್ಯ ಓಡುವ ಗಾಡಿಯ ಮೇಲೆ ಹಾರಿ ಒಳಗಿದ್ದವರ ಜೊತೆ ಗುದ್ದಾಡಿದ. ಚಾಲಕ ಸಿಕ್ಕಿಬಿದ್ದ. ಆಮೇಲೆ ಒಬ್ಬ ತನಿಖಾ ನ್ಯಾಯಾಧೀಶರು ಕಾಗದದ ಮೇಲೆ ಕಾಗದ ಇಟ್ಟು ಮೇಲಿನ ಪೊಲೀಸ್ ಅಧಿಕಾರಿಗಳವರೆಗೆ ಹೋದರು. ಅವರ ಹೆಸರು ಸಾರ್ಟ್ಸೆಟಾಕಿಸ್. 1985ರಲ್ಲಿ ಅವರೇ ಗ್ರೀಸ್‌ನ ರಾಷ್ಟ್ರಪತಿ ಆದರು.

ಸಿರುಗುಪ್ಪದ ತಮ್ಮನಿಗೆ ನನ್ನ ಸಲಹೆ: ಪತ್ರಕರ್ತೆಯನ್ನು ಎಲ್ಲರೂ ಬರೆಯುತ್ತಾರೆ. ಗಾಡಿ ಮೇಲೆ ಹಾರಿದ ಆ ಮನುಷ್ಯನಂಥವನನ್ನು ಹುಡುಕು.  ಅವನು ಅವತ್ತು ಅಲ್ಲಿದ್ದ, ಹಾರಿದ.

ಇನ್ನೊಂದು ಮಾತು. ಆನೆಗೊಂದಿ ನಮಗೆ ಕೂಗಳತೆ ದೂರ. ಹೊಳೆ ದಾಟಿದರೆ ಹಂಪಿ. ಅಲ್ಲಿ ಆದ ಒಂದು ಸಂಚು ನಮ್ಮವರಿಗೇ ಗೊತ್ತಿಲ್ಲ. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದಾಗ ಬರೆದಿಟ್ಟದ್ದು. ಇಮ್ಮಡಿ ದೇವರಾಯನ ತಮ್ಮ ಹೊಸ ಮನೆ ಕಟ್ಟಿಸಿ ಊಟಕ್ಕೆ ಎಲ್ಲ ಸರದಾರರನ್ನು ಕರೆದ. ಡೋಲು, ಕಹಳೆ ಜೋರಾಗಿ ಬಾರಿಸುತ್ತಿದ್ದರು. ಒಬ್ಬೊಬ್ಬರನ್ನೇ ಹೆಸರು ಕೂಗಿ ಒಳಗೆ ಕರೆಯುವುದು, ಒಳಗೆ ಅಡಗಿದ್ದವರು ಮುಗಿಸುವುದು. ಹೊರಗೆ ಕೂತವರಿಗೆ ವಾದ್ಯದ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ಆಮೇಲೆ ಅಡಿಕೆ ತಟ್ಟೆಯಲ್ಲಿ ಬಾಕು ಮುಚ್ಚಿಟ್ಟುಕೊಂಡು ಅಣ್ಣನ ಹತ್ತಿರ ಹೋಗಿ ಇರಿದ. ದೇವರಾಯ ಸಿಂಹಾಸನದ ಹಿಂದೆ ಬಿದ್ದ. ಸತ್ತ ಅಂದುಕೊಂಡು ತಮ್ಮ ಹೊರಗೆ ಬಂದು, ನಾನೇ ರಾಜ ಅಂತ ಸಾರಿದ. ರಾಜ ಸತ್ತಿರಲಿಲ್ಲ.

ಪಂಕ್ತಿಯಲ್ಲಿ ಪಕ್ಕದವರು ಎದ್ದು ಒಳಗೆ ಹೋಗಿದ್ದಾರೆ, ವಾಪಸ್ ಬಂದಿಲ್ಲ, ಮುಂದಿನ ಹೆಸರು ತನ್ನದು. ಆ ಸರದಾರನ ಕಣ್ಣಿನಿಂದ ಒಂದು ಅಧ್ಯಾಯ ಬರೆಯಿರಿ ಯಾರಾದರೂ. ನಾನು ಕಾಯುತ್ತೇನೆ.

ಶಕ್ತಿನಗರ ಶಿಫ್ಟ್ ಇಂಜಿನಿಯರ್, ರಾಯಚೂರು

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಓದುಗನಿಗೆ ದೊಡ್ಡ ಖಳನಾಯಕ ಬೇಕು. ಅದು ತಪ್ಪಲ್ಲ.

ಅಮೆರಿಕದ ಅಧ್ಯಕ್ಷ ಕೆನೆಡಿ ಕೊಲೆಯ ವಿಷಯ ತೆಗೆದುಕೊಳ್ಳಿ. 1963ರ ನವೆಂಬರ್ 22, ಡಲ್ಲಾಸ್. ತನಿಖೆಗೆ ಕೂರಿಸಿದ ವಾರೆನ್ ಆಯೋಗ ಮರುವರ್ಷ 888 ಪುಟದ ವರದಿ ಕೊಟ್ಟಿತು, ಓಸ್ವಾಲ್ಡ್ ಒಬ್ಬನೇ ಮಾಡಿದ ಅಂತ. ಜೊತೆಗೆ 26 ಸಂಪುಟ ಸಾಕ್ಷ್ಯ. ಜನ ನಂಬಲಿಲ್ಲ. ಯಾಕೆ? ಅಷ್ಟು ದೊಡ್ಡ ಮನುಷ್ಯನನ್ನು ಒಂದು ಗೋದಾಮಿನ ಕೆಲಸಗಾರ, ಅಂಚೆಯಲ್ಲಿ ತರಿಸಿದ ಹಳೇ ಬಂದೂಕಿನಿಂದ ಕೊಂದ ಅಂದರೆ ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ಸಂಸತ್ತಿನ ಸಮಿತಿಯೇ 1979ರಲ್ಲಿ ಸಂಚು ಇದ್ದಿರಬಹುದು ಅಂದಿತು. ಆ ಮಾತಿನ ಮುಖ್ಯ ಆಧಾರ ಪೊಲೀಸ್ ರೇಡಿಯೋದ ಒಂದು ಧ್ವನಿಮುದ್ರಣ. 1982ರಲ್ಲಿ ವಿಜ್ಞಾನಿಗಳ ಸಮಿತಿ ಆ ಧ್ವನಿ ವಿಶ್ಲೇಷಣೆ ನಿಲ್ಲುವುದಿಲ್ಲ ಅಂತ ಹೇಳಿತು. ಆದರೂ ಅನುಮಾನ ಹೋಗಿಲ್ಲ.

ಕಾದಂಬರಿ ಆ ಅನುಮಾನಕ್ಕೆ ಒಂದು ಮುಖ ಕೊಡುತ್ತದೆ. ಸಿಟ್ಟು ತೋರಿಸಲು ಜನಕ್ಕೆ ಒಬ್ಬ ಸಿಗುತ್ತಾನೆ. ಅದೂ ಒಂದು ಕೆಲಸವೇ ಅಲ್ವಾ?

ಕೋಟೆಬೆಟ್ಟ, ಬಳ್ಳಾರಿ

ಇಂಜಿನಿಯರ್ ಸರ್, ನಿಮ್ಮ ಮಾತಿನಲ್ಲಿ ಸತ್ಯ ಇದೆ. ಜನರ ಮನಸ್ಸು ಹಾಗೇ ಓಡುತ್ತದೆ. ಆದರೆ ಕಾದಂಬರಿಕಾರ ಆ ಓಟಕ್ಕೆ ಸುಮ್ನೆ ದಾರಿ ಮಾಡಿಕೊಡಬೇಕೋ, ಅಲ್ಲಿ ನಿಂತು ನೋಡಬೇಕೋ ಅನ್ನುವುದೇ ನನ್ನ ಪ್ರಶ್ನೆ.

ಕೆನೆಡಿ ವಿಷಯಕ್ಕೇ ಬರುತ್ತೇನೆ. ಡಾನ್ ಡಿಲಿಲ್ಲೋ ಅವರ ‘ಲಿಬ್ರಾ’, 1988. ಅದರಲ್ಲಿ ಸಂಚು ಇದೆ, ಗುಪ್ತಚರ ಸಂಸ್ಥೆಯ ಹಳೇ ಜನ ಇದ್ದಾರೆ. ಆದರೆ ಅವರು ಮೊದಲು ಹಾಕಿದ ಯೋಜನೆ ಕೊಲ್ಲುವುದಲ್ಲ! ಗುರಿ ತಪ್ಪುವಂತೆ ಗುಂಡು ಹಾರಿಸಬೇಕು, ತಪ್ಪು ಕ್ಯೂಬಾದ ಮೇಲೆ ಹೋಗಬೇಕು, ಅಷ್ಟೇ. ಯೋಜನೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ಹೋಗುತ್ತಾ ನಿಜವಾದ ಕೊಲೆ ಆಗುತ್ತದೆ. ಶುರು ಮಾಡಿದವನಿಗೇ ಅದರ ಮೇಲೆ ಹಿಡಿತ ಇಲ್ಲ. ಅದೇ ಪುಸ್ತಕದಲ್ಲಿ ನಿವೃತ್ತ ಅಧಿಕಾರಿ ಒಬ್ಬ ಈ ಕೊಲೆಯ ಗುಪ್ತ ಇತಿಹಾಸ ಬರೆಯಲು ಕೂತಿದ್ದಾನೆ. ಕೋಣೆ ತುಂಬ ಕಾಗದ. ಬರುತ್ತಲೇ ಇದೆ. ಅವನಿಗೂ ಮುಗಿಸಲು ಆಗುವುದಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ಏಸಿ ರೂಮಿನ ಖಳನಾಯಕ ನನಗೆ ಬಹಳ ಸಣ್ಣವನಾಗಿ ಕಂಡ. ಎಲ್ಲ ಒಬ್ಬನೇ ಮಾಡಿಸಿದ ಅಂದರೆ ಓದುಗನಿಗೆ ಸಮಾಧಾನ ಆಗುತ್ತದೆ, ಅವನೊಬ್ಬ ಹೋದರೆ ಸರಿ ಹೋಯಿತು ಅಂತ. ಅದು ಸುಳ್ಳು ಸಮಾಧಾನ.

ವಕೀಲೆ, ಕೊಪ್ಪಳ

ಈ ಮಾತಿಗೆ ನಾನು ಕೋರ್ಟಿನ ಕಡೆಯಿಂದ ಒಂದು ಉದಾಹರಣೆ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ರಾಜೀವ್ ಗಾಂಧಿ ಕೇಸಿನಲ್ಲಿ ಪೇರರಿವಾಲನ್ ಅನ್ನುವ ಹುಡುಗನನ್ನು ಹಿಡಿದಾಗ ಅವನಿಗೆ 19 ವರ್ಷ. ಅವನ ಮೇಲಿನ ಮುಖ್ಯ ಆರೋಪಗಳಲ್ಲಿ ಒಂದು, 9 ವೋಲ್ಟ್‌ನ ಎರಡು ಬ್ಯಾಟರಿ ಕೊಂಡು ಸಂಚುಗಾರನಿಗೆ ಕೊಟ್ಟದ್ದು. ಟಾಡಾ ಅನ್ನುವ ಭಯೋತ್ಪಾದನೆ ವಿರುದ್ಧದ ಕಾಯ್ದೆ ಕೆಳಗೆ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೇ ದೊಡ್ಡ ಸಾಕ್ಷ್ಯ. 1999ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ಎತ್ತಿ ಹಿಡಿಯಿತು. 2013ರಲ್ಲಿ, ಆ ಹೇಳಿಕೆ ಬರೆದುಕೊಂಡಿದ್ದ ಅಧಿಕಾರಿ, ಆಗ ನಿವೃತ್ತರು, ಹೊರಗೆ ಬಂದು ಹೇಳಿದರು: ಬ್ಯಾಟರಿ ಯಾವುದಕ್ಕೆ ಅಂತ ತನಗೆ ಗೊತ್ತಿರಲಿಲ್ಲ ಅಂತ ಆ ಹುಡುಗ ಹೇಳಿದ್ದ, ಆ ಮಾತನ್ನು ನಾನು ಹಾಗೇ ದಾಖಲಿಸಲಿಲ್ಲ ಅಂತ. 2014ರಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು. 2022ರ ಮೇ 18ಕ್ಕೆ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಅಷ್ಟರಲ್ಲಿ ಮೂವತ್ತು ವರ್ಷ ದಾಟಿತ್ತು.

‘ಯಾರಿಗೆ ಎಷ್ಟು ಗೊತ್ತಿತ್ತು’ ಅನ್ನುವುದು ಕಾದಂಬರಿಯ ತಂತ್ರ ಮಾತ್ರ ಅಲ್ಲ ಅಂತ ಹೇಳಲು ಇದನ್ನು ಬರೆದೆ. ಕೋರ್ಟಿನಲ್ಲಿ ಸಂಚಿನ ಆರೋಪ ಪೂರ್ತಿ ನಿಲ್ಲುವುದೇ ಅದರ ಮೇಲೆ. ಸಂಚು ಅಂದರೆ ಒಪ್ಪಂದ. ಗೊತ್ತಿಲ್ಲದವನು ಒಪ್ಪಲು ಹೇಗೆ ಸಾಧ್ಯ? ಒಂದು ವಾಕ್ಯ ಬರೆಯುವುದು, ಬಿಡುವುದು, ಅದರ ಮೇಲೆ ಒಬ್ಬನ ಕೊರಳು ನಿಂತಿತ್ತು. ಇದನ್ನು ಓದಿ ನನಗೆ ನಿದ್ದೆ ಬಂದಿರಲಿಲ್ಲ.

ಸಿರುಗುಪ್ಪದ ತಮ್ಮಾ, ಇದನ್ನು ಬರೆ. ಬ್ಯಾಟರಿ ಕೊಂಡವನ ಕಥೆ ಬರೆ.

ಮಸ್ಕಿ ಮೇಷ್ಟ್ರು, ರಾಯಚೂರು ಜಿಲ್ಲೆ

ವಕೀಲೆ ಅಮ್ಮನವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಒಂದು ವಾಕ್ಯ ಬಿಟ್ಟದ್ದರ ಕಥೆ ಅವರು ಹೇಳಿದರು. ಇಲ್ಲದ ಕಾಗದ ಹುಟ್ಟಿಸಿದ್ದರ ಕಥೆ ನಾನು ಹೇಳುತ್ತೇನೆ. ನಮ್ಮ ರಾಯಚೂರು ದೋಆಬ್, ಅಂದರೆ ಕೃಷ್ಣೆ ತುಂಗಭದ್ರೆಯ ನಡುವಿನ ನೆಲ, ಯಾರ ಕೈಗೆ ಅಂತ ಬಹಮನಿಯವರೂ ವಿಜಯನಗರದವರೂ ಕಚ್ಚಾಡುತ್ತಿದ್ದ ಕಾಲ. ಬೀದರಿನಲ್ಲಿ ಮಹಮೂದ್ ಗವಾನ್ ಪ್ರಧಾನಿ. ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟ ಸರದಾರರು, ಅವನ ಮುದ್ರೆ ಕಾಯುವ ಸೇವಕನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು ಅಂತ ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಆಮೇಲೆ ಆ ಕಾಗದದಲ್ಲಿ, ಒರಿಸ್ಸಾದ ಅರಸನಿಗೆ ದಂಡೆತ್ತಿ ಬಾ ಅಂತ ಕರೆಯುವ ಪತ್ರ ಬರೆದು ಸುಲ್ತಾನನ ಮುಂದಿಟ್ಟರು. ಮುದ್ರೆ ನನ್ನದೇ, ಪತ್ರ ನನ್ನದಲ್ಲ ಅಂತ ಗವಾನ್ ಹೇಳಿದ. ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಹೋದ. ಆಮೇಲೆ ರಾಜ್ಯವೇ ಐದು ತುಂಡಾಯಿತು.

‘ಮುದ್ರಾರಾಕ್ಷಸ’ದಲ್ಲಿ ರಾಕ್ಷಸನನ್ನು ಕೆಡವಿದ್ದೂ ಇದೇ: ಅವನ ಉಂಗುರದ ಮುದ್ರೆ, ಅವನ ಗೆಳೆಯನ ಕೈಬರಹ, ಅವನಿಗೆ ಗೊತ್ತಿಲ್ಲದ ಪತ್ರ. ಪತ್ರ ಬರೆದ ಶಕಟದಾಸನಿಗೂ ಅದು ಯಾತಕ್ಕೆ ಅಂತ ಗೊತ್ತಿಲ್ಲ! ನಾಟಕ ಮೊದಲು ಬಂತು, ಬೀದರಿನ ಘಟನೆ ಆಮೇಲೆ ಆಯಿತು. ನೀವೇ ಯೋಚಿಸಿ.

ಇನ್ನು ಗಾಂಧೀಜಿ ವಿಷಯ. 1948ರ ಜನವರಿ 20ಕ್ಕೆ ಬಿರ್ಲಾ ಹೌಸಿನ ಪ್ರಾರ್ಥನಾ ಸಭೆಯಲ್ಲಿ ಬಾಂಬ್ ಸಿಡಿಯಿತು. ಮದನ್‌ಲಾಲ್ ಪಹ್ವಾ ಅಲ್ಲೇ ಸಿಕ್ಕಿಬಿದ್ದ. ಜೊತೆಗಾರರ ಬಗ್ಗೆ ಬಾಯಿ ಬಿಟ್ಟ. ಮುಂಬೈನಲ್ಲಿ ಒಬ್ಬ ಪ್ರಾಧ್ಯಾಪಕರು ತಮಗೆ ಗೊತ್ತಿದ್ದನ್ನು ಮಂತ್ರಿಗಳಿಗೆ ತಿಳಿಸಿದ್ದರು. ಹತ್ತು ದಿನ ಸಮಯ ಇತ್ತು. 30ಕ್ಕೆ ಗುಂಡು ಬಿತ್ತು. ಯಾರಿಗೆ ಏನು ಗೊತ್ತಿತ್ತು, ಯಾರು ಯಾರಿಗೆ ಹೇಳಲಿಲ್ಲ ಅಂತ ನೋಡಲು 1960ರ ದಶಕದಲ್ಲಿ ಕಪೂರ್ ಆಯೋಗವನ್ನೇ ಕೂರಿಸಬೇಕಾಯಿತು. ಸಂಚುಗಾರರಲ್ಲಿ ಮಾತ್ರ ಅಲ್ಲ, ತಡೆಯಬೇಕಾದವರ ಕೈಯಲ್ಲೂ ತುಂಡುಗಳೇ ಇದ್ದವು. ನನ್ನ ಮಟ್ಟಿಗೆ ಈ ಹತ್ತು ದಿನಕ್ಕಿಂತ ಎದೆ ಹಿಂಡುವ ಥ್ರಿಲ್ಲರ್ ಇನ್ನೊಂದಿಲ್ಲ.

ಸಿರುಗುಪ್ಪ ಹುಡುಗ

ಎಲ್ಲ ಓದಿದೆ, ಎರಡೆರಡು ಸಲ. ಹೊಸದಾಗಿ ಯೋಚಿಸಿದ್ದು ಹೇಳುತ್ತೇನೆ.

ಧಣಿಯನ್ನು ತೆಗೆದೆ. ಈಗ ನಾಯಕ ಬಂದಾಗ ಕ್ರೇನಿನಿಂದ ದೊಡ್ಡ ಸೇಬಿನ ಹಾರ ಹಾಕುತ್ತಾರಲ್ಲ, ಆ ಕ್ರೇನ್ ಆಪರೇಟರ್ ನನ್ನ ಕಥಾನಾಯಕ. ತೋರಣಗಲ್ಲಿನಲ್ಲಿ ಕೆಲಸ. ಚುನಾವಣೆ ಬಂದಾಗ ಹಾರದ ಬಾಡಿಗೆಗೆ ಬರುತ್ತಾನೆ. ಅಭಿಮಾನಿ ಬಳಗದವನೊಬ್ಬ ಫೋನ್ ಮಾಡಿ ಅಡ್ವಾನ್ಸ್ ಕೊಟ್ಟಿದ್ದಾನೆ. ಅವನ ಹೆಸರು ಇವನಿಗೆ ಗೊತ್ತಿಲ್ಲ. ಮೊಬೈಲಿನಲ್ಲಿ ‘ಸೇಬಿನ ಹಾರ’ ಅಂತ ಸೇವ್ ಮಾಡಿಕೊಂಡಿದ್ದಾನೆ. ಸಭೆಯ ಹಿಂದಿನ ದಿನ ಅದೇ ನಂಬರಿನಿಂದ ಫೋನ್ ಬರುತ್ತದೆ: ಗಾಡಿ ನಿಲ್ಲಿಸುವ ಜಾಗ ಸ್ವಲ್ಪ ಬದಲು, ಎಡಕ್ಕೆ ನಿಲ್ಲಿಸು. ಅಷ್ಟೇ. ಅವನು ಎಡಕ್ಕೆ ನಿಲ್ಲಿಸುತ್ತಾನೆ. ಕ್ರೇನ್ ಅಡ್ಡ ಬಂದದ್ದರಿಂದ ಮಾಳಿಗೆ ಮೇಲಿನ ಪೊಲೀಸನಿಗೆ ಒಂದು ಮೂಲೆ ಕಾಣುವುದಿಲ್ಲ.

ಎಡಕ್ಕೆ ಅಂತ ಹೇಳಿದವನಿಗೂ ಯಾಕೆ ಅಂತ ಗೊತ್ತಿಲ್ಲ. ಅವನಿಗೆ ಇನ್ಯಾರೋ ಹೇಳಿದ್ದು. ಪುಸ್ತಕ ಪೂರ್ತಿ, ಕೊಲೆ ಆದ ಮೇಲೆ ಆಪರೇಟರ್ ಒಬ್ಬನೇ ಆ ‘ಎಡಕ್ಕೆ’ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋಗುತ್ತಾನೆ. ಹೇಗಿದೆ?

ನಿವೃತ್ತ ಹೆಡ್ ಕಾನ್ಸ್‌ಟೇಬಲ್, ಸಂಡೂರು

ಈಗ ದಾರಿಗೆ ಬಂತು ನೋಡು! ಕ್ರೇನ್ ವಿಷಯ ಬಹಳ ಸರಿ. ವೇದಿಕೆ ಹತ್ತಿರ ಬರುವವರ ಪಟ್ಟಿ ಇರುತ್ತದೆ, ಪಾಸ್ ಇರುತ್ತದೆ. ಶಾಮಿಯಾನದವರು, ಮೈಕ್‌ಸೆಟ್‌ನವರು, ಜನರೇಟರ್‌ನವರು, ಎಲ್ಲರ ಹೆಸರು ಮೊದಲೇ ಠಾಣೆಗೆ ಬರುತ್ತದೆ. ಹಾರ, ಕ್ರೇನ್ ಮಾತ್ರ ಕೊನೇ ಗಳಿಗೆಯಲ್ಲಿ ಬರುತ್ತವೆ. ಯಾರದೋ ಅಭಿಮಾನಿ ಬಳಗ, ಬೇಡ ಅಂದರೆ ಗಲಾಟೆ. ಕೆಳಗಿನ ಸಿಬ್ಬಂದಿ ಎರಡು ಕಡೆಯಿಂದ ಬೈಸಿಕೊಳ್ಳುವುದು ಇಂಥ ಕಡೆಯೇ.

ಒಂದು ತಿದ್ದು. ಮಾಳಿಗೆ ಮೇಲಿನವನು ತನಗೆ ಮೂಲೆ ಕಾಣುತ್ತಿಲ್ಲ ಅಂತ ವಾಕಿಟಾಕಿಯಲ್ಲಿ ಹೇಳುತ್ತಾನೆ. ಹೇಳದೇ ಇರುವುದಿಲ್ಲ. ಆದರೆ ಆ ಹೊತ್ತಿಗೆ ಹೆಲಿಕಾಪ್ಟರ್ ಇಳಿದಿರುತ್ತದೆ, ಚಾನೆಲ್ ತುಂಬ ಗಾಡಿ ಸಾಲಿನ ಮಾತು. ಅವನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಹಾಗೆ ಬರೆ. ಆ ಕಾನ್ಸ್‌ಟೇಬಲ್‌ನನ್ನು ಸೋಮಾರಿ ಮಾಡಬೇಡ.

ಗ್ರಂಥಪಾಲಕಿ, ಗಂಗಾವತಿ

ನನಗೆ ಇಷ್ಟವಾಯಿತು. ಒಂದು ಆತಂಕವನ್ನೂ ಇಲ್ಲಿ ಇಡಬೇಕು. ಕಲಬುರ್ಗಿ ಸರ್ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ಕ್ಕೆ ಗೌರಿ ಲಂಕೇಶ್. ಆ ಸಾವುಗಳು ನಮಗೆ ದೂರದ ಸುದ್ದಿ ಅಲ್ಲ. ಕಲಬುರ್ಗಿಯವರ ಪುಸ್ತಕ ಕೇಳಿಕೊಂಡು ಈಗಲೂ ಮಕ್ಕಳು ಬರುತ್ತಾರೆ. ಇಂಥ ಸಾವಿನ ಮೇಲೆ ಯಾರಾದರೂ ಥ್ರಿಲ್ಲರ್ ಬರೆದು, ಓದಿ ಎಸೆಯುವ ಸರಕು ಮಾಡಿದರೆ ನನಗೆ ನೋವಾಗುತ್ತದೆ. ಗೆರೆ ಎಲ್ಲಿ ಎಳೆಯಬೇಕು?

ವಕೀಲೆ, ಕೊಪ್ಪಳ

ಅಕ್ಕಾ, ಪ್ರಶ್ನೆ ಬಹಳ ಮುಖ್ಯ. ನನ್ನ ಮಟ್ಟಿಗೆ ಗೆರೆ ಹೀಗೆ. ಕೋರ್ಟಿನ ಮುಂದೆ ಹೋದ ಸಾವಿನ ಮೇಲೆ ಬರೆಯುವಾಗ, ದಾಖಲೆಯಲ್ಲಿ ಇಲ್ಲದ ಅಪರಾಧಿಯನ್ನು ಹುಟ್ಟಿಸಬಾರದು. ವಾಟ್ಸಾಪಿನಲ್ಲಿ ಬರುವ ಮೆಸೇಜ್ ಅದನ್ನೇ ಮಾಡುತ್ತದೆ. ಅಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಅನುಮಾನಕ್ಕೆ ಜಾಗವೇ ಇರುವುದಿಲ್ಲ. ತಮ್ಮನ ಕಾದಂಬರಿಯಲ್ಲಿ ನಾಯಕ ಕಾಲ್ಪನಿಕ, ಊರು ಮಾತ್ರ ನಿಜ. ಅಲ್ಲಿ ಅವನಿಗೆ ಪೂರ್ತಿ ಸ್ವಾತಂತ್ರ್ಯ ಇದೆ. ಸತ್ತವನಿಗೂ ಒಂದು ಮನೆ ಇತ್ತು ಅಂತ ಎಲ್ಲಾದರೂ ಬರಲಿ. ಬರೀ ಗುರಿಹಲಗೆ ಮಾಡಬೇಡ ಅವನನ್ನು.

ಶಕ್ತಿನಗರ ಶಿಫ್ಟ್ ಇಂಜಿನಿಯರ್, ರಾಯಚೂರು

ಒಪ್ಪಿದೆ. ಆದರೆ ತಮ್ಮಾ, ಓದುಗನನ್ನು ಬರಿಗೈಯಲ್ಲಿ ಕಳಿಸಬೇಡ. ‘ಎಡಕ್ಕೆ’ ಅಂತ ಮೊದಲು ಹೇಳಿದವನು ಯಾರು ಅಂತ ಓದುಗನಿಗಾದರೂ ಗೊತ್ತಾಗಬೇಕು. ಕ್ರೇನಿನವನಿಗೆ ಗೊತ್ತಾಗದಿದ್ದರೂ ನಡೆಯುತ್ತದೆ. ನನ್ನ ಹಟ ಇಷ್ಟಕ್ಕೇ.

ಸಿರುಗುಪ್ಪ ಹುಡುಗ

ಅದು ಒಳ್ಳೆ ದಾರಿ ಸರ್, ಹಾಗೇ ಮಾಡುತ್ತೇನೆ. ವಕೀಲೆ ಅಕ್ಕಾ, ಒಂದೇ ಪ್ರಶ್ನೆ ಉಳಿದಿದೆ. ಪೊಲೀಸರು ಆಪರೇಟರ್‌ನ ಮೊಬೈಲ್ ವಶಕ್ಕೆ ತೆಗೆದುಕೊಳ್ಳುವಾಗ ‘ಸೇಬಿನ ಹಾರ’ ಅನ್ನುವ ಹೆಸರು ಕಾಗದದಲ್ಲಿ ಹೇಗೆ ಬರುತ್ತದೆ?

ವಕೀಲೆ, ಕೊಪ್ಪಳ

ಪಂಚರ ಮುಂದೆ ಮಹಜರು ಬರೆಯುತ್ತಾರೆ. ಮೊಬೈಲಿನ ಕಂಪನಿ, ಬಣ್ಣ, ಐಎಂಇಐ ನಂಬರ್ ಬರುತ್ತದೆ. ಕೊನೆಯ ಕರೆಗಳನ್ನು ಅಲ್ಲೇ ತೆರೆದು ನೋಡಿ ಬರೆದರೆ, ಪರದೆಯ ಮೇಲೆ ಏನಿದೆಯೋ ಅದನ್ನೇ ಬರೆಯಬೇಕು: ‘ಸೇಬಿನ ಹಾರ’. ಆ ನಂಬರ್ ಯಾರ ಹೆಸರಿನಲ್ಲಿದೆ ಅಂತ ಆಮೇಲೆ ಕಂಪನಿಯಿಂದ ತರಿಸುತ್ತಾರೆ, ಅದು ಬೇರೆ ಕಾಗದ.

ನಿನ್ನ ಕಥೆ 2024ರ ಜುಲೈ 1ರ ನಂತರ ನಡೆಯುವುದಾದರೆ ಹೊಸ ಕಾನೂನು. ವಶಪಡಿಸಿಕೊಳ್ಳುವುದನ್ನು ವಿಡಿಯೋ ಮಾಡಬೇಕು. ಕೊಲೆಗೆ 302 ಅಂತ ಬರೆಯಬೇಡ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 103. ಸಂಚಿಗೆ 120ಬಿ ಹೋಗಿ 61 ಬಂದಿದೆ. ಮೊದಲ ಮೂರು ಅಧ್ಯಾಯ ಆದ ಮೇಲೆ ಕಳಿಸು, ಕೋರ್ಟಿನ ಭಾಗ ನಾನು ನೋಡಿಕೊಡುತ್ತೇನೆ.

ನಿವೃತ್ತ ಹೆಡ್ ಕಾನ್ಸ್‌ಟೇಬಲ್, ಸಂಡೂರು

ಬಂದೋಬಸ್ತ್ ಭಾಗ ನನಗೆ ಕಳಿಸು. ಪ್ರಿಂಟ್ ತೆಗೆದು ಕೊಡು ತಮ್ಮಾ, ಮೊಬೈಲಿನಲ್ಲಿ ಓದಲು ಕಣ್ಣು ಸಾಲುವುದಿಲ್ಲ.